ಕಣದಲ್ಲಿ ಅಳೆದ ರಾಗಿ

ಮದ್ದೂರಲ್ಲಿ ಬಸ್ ಬದಲಾಯಿಸೋದು ಅಂದ್ರೆ ನನಗೆ ವಡೆ ತಿನ್ನೋಕೆ ಒಂದು ನೆಪ. ಕಳೆದ ತಿಂಗಳು ಮಳವಳ್ಳಿ ಹತ್ತಿರದ ನಮ್ಮೂರಿಗೆ ಹೋಗುವಾಗ ಒಂದು ಕೈಲಿ ವಡೆ, ಇನ್ನೊಂದು ಕೈಲಿ ಫೋನ್ ಹಿಡ್ಕೊಂಡು ಸ್ಕಾರ್ಲೆಟ್ ಎಪ್‌ಸ್ಟೈನ್ ಬಗ್ಗೆ ಓದ್ತಿದ್ದೆ.

ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಈ ಹೆಣ್ಣುಮಗಳು 1954ರಲ್ಲಿ ಮಂಡ್ಯ ಸೀಮೆಗೆ ಬಂದು, ಎರಡು ವರ್ಷ ಎರಡು ಹಳ್ಳಿಗಳ ಬದುಕನ್ನು ಬರೆದಿಟ್ಟರು. ಅರ್ಥಶಾಸ್ತ್ರ, ಮಾನವಶಾಸ್ತ್ರ ಎರಡೂ ಬೆರೆತ ಅಧ್ಯಯನ. ಊರುಗಳ ನಿಜ ಹೆಸರು ಮರೆಮಾಡಿ ವಂಗಲ, ದಲೇನ ಅಂತ ಕರೆದರು. ವಂಗಲಕ್ಕೆ ನಾಲೆ ನೀರು ಬಂತು, ಕಬ್ಬು ಬೆಳೆದರು. ದಲೇನಕ್ಕೆ ನೀರು ಹತ್ತಲಿಲ್ಲ. ಅಲ್ಲಿನವರು ಮಂಡ್ಯ ಪೇಟೆಯಲ್ಲಿ ಕೆಲಸ, ವ್ಯಾಪಾರ ಹುಡುಕಿಕೊಂಡರು. ವಿಚಿತ್ರ ಅಂದ್ರೆ, ಹೆಚ್ಚು ಬದಲಾಗಿದ್ದು ನೀರು ಬಾರದ ಊರು. ನೀರು ಬಂದ ಊರಲ್ಲಿ ದುಡ್ಡು ಬಂದರೂ ಹಳೇ ಸಂಬಂಧಗಳು ಹಾಗೇ ಉಳಿದವು. 1962ರ ಅವರ ಪುಸ್ತಕದ ತಿರುಳು ಇದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕಾಳಿನ ಲೆಕ್ಕ. ತಲೆತಲಾಂತರದಿಂದ ಒಕ್ಕಲ ಮನೆಗೆ ದುಡಿಯೋ ದಲಿತ ಕುಟುಂಬಕ್ಕೆ ವರ್ಷಕ್ಕೆ ಇಷ್ಟು ಧಾನ್ಯ ಅಂತ ಗೊತ್ತು ಮಾಡಿರುತ್ತಿತ್ತು. ಬರ ಬಂದರೂ ಅಷ್ಟೇ, ಬೆಳೆ ಉಕ್ಕಿದರೂ ಅಷ್ಟೇ. ಕೆಟ್ಟ ವರ್ಷದಲ್ಲಿ ಎಲ್ಲರೂ ಬದುಕಿಕೊಳ್ಳಲಿ ಅನ್ನೋ ಏರ್ಪಾಡು ಅದು ಅಂತ ಎಪ್‌ಸ್ಟೈನ್ ವಾದ. ಒಳ್ಳೇ ವರ್ಷದ ಹೆಚ್ಚುವರಿಯೆಲ್ಲ ಜಮೀನಿನವನ ಕಣಜಕ್ಕೆ. ಇನ್ಶೂರೆನ್ಸ್ ಕಂಪನಿಗೆ ಕೋಡ್ ಬರೆಯೋ ನನಗೆ ಈ ಪ್ರೀಮಿಯಂ ಯಾರಿಗೆ ದುಬಾರಿ ಆಯ್ತು ಅಂತ ಬಿಡಿಸಿ ಹೇಳಬೇಕಿರಲಿಲ್ಲ.

ಮನೆಗೆ ಹೋದವನೇ ಅಜ್ಜಿನ ಕೇಳಿದೆ, "ನಮ್ಮನೇಲೂ ಹಂಗೆ ಕೊಡ್ತಿದ್ರಾ ಅಜ್ಜಿ?"

"ಹೂಂ ಕಣ್ ಮಗ, ಕಣದಲ್ಲೇ ರಾಗಿ ಅಳೆದು ಕೊಟ್ಬುಡ್ತಿದ್ದೋ. ಯಾರ್ನೂ ಬರಿಗೈಲಿ ಕಳಿಸ್ದೋರಲ್ಲ ನಾವು." ದನಿಯಲ್ಲಿ ಹೆಮ್ಮೆ ಇತ್ತು.

"ಊಟ?"

"ಮುದ್ದೆ, ಸಾರು ಇಕ್ತಿದ್ದೋ."

"ಎಲ್ಲಿ ಕೂರಿಸಿ?"

ಅಜ್ಜಿ ಎಲೆಅಡಿಕೆ ಚೀಲ ತಡಕೋಕೆ ಶುರು ಮಾಡಿತು. ಮೂಲೆಯಲ್ಲಿ ಪೇಪರ್ ಓದ್ತಿದ್ದ ಅಪ್ಪ ತಲೆ ಎತ್ತದೆ ಹೇಳಿದರು, "ಹಿತ್ತಲಲ್ಲಿ. ತಟ್ಟೆ ಅವರೇ ತರ್ತಿದ್ರು."

ಆ ಮನೆಯ ಮೊಮ್ಮಗ ನನ್ನ ಜೊತೆ ಹೈಸ್ಕೂಲ್ ಓದಿದವನು. ಈಗ ಅವನೂ ಬೆಂಗಳೂರಲ್ಲೇ ಇದ್ದಾನೆ. ಶನಿವಾರ ಒಟ್ಟಿಗೆ ಮಿಲ್ಟ್ರಿ ಹೋಟೆಲಿಗೆ ಹೋಗ್ತೀವಿ, ಮುದ್ದೆ ಮುರಿದು ಒಂದೇ ಬಟ್ಟಲಿನ ಸಾರಿಗೆ ಅದ್ದುತ್ತೀವಿ. ಊರ ಮನೆಗೆ ಮಾತ್ರ ಅವನು ಯಾವತ್ತೂ ಬಂದಿಲ್ಲ. ನಾನೂ ಕರೆದಿಲ್ಲ. ಯಾಕೆ ಅಂತ ಇಬ್ಬರೂ ಮಾತಾಡಿಲ್ಲ.

ವಾಪಸ್ ಬರುವಾಗ ಬಸ್ಸಲ್ಲೇ ಅವನಿಗೆ ಮೆಸೇಜ್ ಹಾಕಿದೆ: ಹಬ್ಬಕ್ಕೆ ಮನೆಗೆ ಬಾ, ಒಟ್ಟಿಗೆ ಉಣ್ಣೋಣ.

ಮದ್ದೂರು ದಾಟೋ ಹೊತ್ತಿಗೆ ಉತ್ತರ ಬಂತು. "ಅಜ್ಜಿನ ಕೇಳಿದ್ಯಾ?"

ಇನ್ನೂ ಕೇಳಿಲ್ಲ. ಹಬ್ಬಕ್ಕೆ ಮೂರು ವಾರ ಇದೆ.