ತಂತಿಯ ಮೇಲೆ ನಡೆಯುವ ಯಂತ್ರ, ತಂತಿಯ ಕೆಳಗೆ ಬದುಕುವ ನಾವು

2018ರ ನವೆಂಬರ್ 8ರ ಮುಂಜಾನೆ ಅಮೆರಿಕದ ಕ್ಯಾಲಿಫೋರ್ನಿಯಾದ ಬೆಟ್ಟಸೀಮೆಯಲ್ಲಿ ಒಂದು ಕೊಕ್ಕೆ ಮುರಿಯಿತು. ನೂರು ವರ್ಷಗಳಷ್ಟು ಕಾಲ ಗಾಳಿಗೆ ತೂಗಾಡಿ ಸವೆದಿದ್ದ ಕೊಕ್ಕೆ ಅದು. ಅದಕ್ಕೆ ಜೋತಿದ್ದ 115 ಕಿಲೋವೋಲ್ಟ್ ತಂತಿ ಗೋಪುರಕ್ಕೆ ತಗುಲಿ ಕಿಡಿ ಉದುರಿತು, ಒಣಹುಲ್ಲು ಹತ್ತಿಕೊಂಡಿತು. ಪ್ಯಾರಡೈಸ್ ಎಂಬ ಊರು ಬಹುಪಾಲು ಬೂದಿಯಾಗಿ 85 ಜನ ಮಡಿದರು. ಕನಿಷ್ಠ 2001ರಿಂದೀಚೆಗೆ ಆ ಗೋಪುರವನ್ನು ಯಾರೂ ಹತ್ತಿ ಪರೀಕ್ಷಿಸಿರಲಿಲ್ಲವೆಂದು ತನಿಖೆಯಲ್ಲಿ ಹೊರಬಿತ್ತು. ಮಾಲೀಕ ಕಂಪನಿಯಾದ ಪಿಜಿ ಅಂಡ್ ಇ 2020ರಲ್ಲಿ ನ್ಯಾಯಾಲಯದೆದುರು ತಪ್ಪೊಪ್ಪಿಕೊಂಡಿತು.

ಪರೀಕ್ಷೆ ಏಕೆ ಮುಂದೂಡಲ್ಪಡುತ್ತದೆ? ಮುಖ್ಯ ಮಾರ್ಗವನ್ನು ಮುಟ್ಟಿ ನೋಡಬೇಕಾದರೆ ಸಾಮಾನ್ಯವಾಗಿ ವಿದ್ಯುತ್ ಕಡಿತಗೊಳಿಸಬೇಕು. ಲೈನ್ ಕ್ಲಿಯರ್ ಕೊಡಲು ಯಾರಿಗೂ ಮನಸ್ಸಿಲ್ಲ. ಕೆನಡಾದ ಹೈಡ್ರೊ-ಕ್ವಿಬೆಕ್ ಸಂಸ್ಥೆಯ ಸಂಶೋಧಕರು ಈ ನೆಪವನ್ನೇ ಕಿತ್ತುಹಾಕಿದ್ದಾರೆ. ಅವರ 'ಲೈನ್‌ಸ್ಕೌಟ್' ಎಂಬ ರೋಬಾಟ್ 735 ಕಿಲೋವೋಲ್ಟ್ ಹರಿಯುತ್ತಿರುವ ತಂತಿಯ ಮೇಲೆಯೇ ಗಾಲಿಯೂರಿ ಚಲಿಸುತ್ತದೆ. ತಂತಿಯ ಮೇಲೆ ಕುಳಿತ ಹಕ್ಕಿಗೆ ಏನೂ ಆಗದಿರುವುದು ಏಕೋ, ಇದಕ್ಕೂ ಹಾಗೆಯೇ: ತಂತಿಗೂ ಅದಕ್ಕೂ ವೋಲ್ಟೇಜ್ ವ್ಯತ್ಯಾಸವಿಲ್ಲ. ಅಡ್ಡ ಬಂದ ಬಿಗಿಪಟ್ಟಿಯನ್ನು ತೋಳು ಚಾಚಿ ಆಚೆಬದಿ ಹಿಡಿದು ದಾಟುತ್ತದೆ.

ಇದರ ನಿಜವಾದ ಉಪಯೋಗ ಕ್ಯಾಮೆರಾದಲ್ಲಿಲ್ಲ. ಇಂಥ ತಂತಿಯ ಒಳಗೆ ಸತುವಿನ ಲೇಪವಿರುವ ಉಕ್ಕಿನ ಎಳೆಗಳಿವೆ, ಅವುಗಳ ಸುತ್ತ ಅಲ್ಯೂಮಿನಿಯಂ ಎಳೆಗಳು. ತೇವದ ಹವೆಯಲ್ಲಿ ಸತು ಕರಗಿ ಉಕ್ಕು ತುಕ್ಕು ಹಿಡಿದರೂ ಹೊರಗೆ ಅಲ್ಯೂಮಿನಿಯಂ ಹೊಳೆಯುತ್ತಲೇ ಇರುತ್ತದೆ. ಉಳಿದಿರುವ ಸತುವೆಷ್ಟೆಂದು ತಂತಿಯನ್ನು ಬಿಚ್ಚದೆಯೇ ಅಳೆಯುವ ಸಂವೇದಕವನ್ನು ಅವರು ರೂಪಿಸಿದ್ದಾರೆ.

ಮಲೆನಾಡಿಗರಿಗೆ ಇದು ದೂರದ ಸುದ್ದಿಯಲ್ಲ. 1948ರಲ್ಲಿ ಜೋಗದ ವಿದ್ಯುದಾಗಾರ, 1960ರ ದಶಕದಲ್ಲಿ ಶರಾವತಿಯದು. ಅಂದಿನಿಂದ ನಮ್ಮ ಕಾಡು ಸೀಳಿಕೊಂಡು ತಂತಿಗಳು ಬಯಲುಸೀಮೆಗೆ ಇಳಿದಿವೆ. ಆರು ತಿಂಗಳ ಮಳೆ, ಮಂಜು ಅವುಗಳ ಒಳಗೆ ಏನು ಮಾಡಿದೆಯೆಂಬುದು ಕೆಳಗೆ ಅಡಿಕೆ ತೋಟದಲ್ಲಿ ನಿಂತು ನೋಡುವವನಿಗೆ ಕಾಣುವುದಿಲ್ಲ. ಹಳೆಯ ಮಾರ್ಗದ ಬಲವೆಷ್ಟೆಂದು ಖಚಿತವಾಗಿ ಗೊತ್ತಾದರೆ ಅದನ್ನೇ ದುರಸ್ತಿಮಾಡಿ, ಅದೇ ಓಣಿಯಲ್ಲಿ ಹೆಚ್ಚು ಸಾಮರ್ಥ್ಯದ ತಂತಿ ಎಳೆಯಬಹುದು. ಇಲ್ಲವಾದರೆ ಹೊಸ ಮಾರ್ಗದ ಪ್ರಸ್ತಾಪ ಬರುತ್ತದೆ. 400 ಕಿಲೋವೋಲ್ಟ್ ಮಾರ್ಗವೆಂದರೆ ಸುಮಾರು 46 ಮೀಟರ್ ಅಗಲದ ಪಟ್ಟಿ. ಅಷ್ಟಗಲದ ಕಾಡು ಮೈಲಿಗಟ್ಟಲೆ. ಆದ್ದರಿಂದಲೇ ಈ ಯಂತ್ರವನ್ನು ನಾವು ವಿರೋಧಿಸಬಾರದು, ಕೇಳಿ ಪಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಯಂತ್ರವೆಂದೊಡನೆ ಹುಬ್ಬೇರಿಸುವ ಗೆಳೆಯರು ನಮ್ಮಲ್ಲಿದ್ದಾರೆ, ಬಲ್ಲೆ.

ಮಿತಿಗಳೂ ಇವೆ. ತಂತಿಯನ್ನು ಬಿಗಿದು ಕಟ್ಟುವ ತಿರುವಿನ ಗೋಪುರಗಳನ್ನು ಅದು ದಾಟಲಾರದು. ಘಟ್ಟದಲ್ಲಿ ತಿರುವುಗಳೇ ಹೆಚ್ಚು. ಕೊಕ್ಕೆಯ ಸವೆತ ನೋಡಲು ಗೋಪುರ ಹತ್ತುವ ಮನುಷ್ಯನೇ ಬೇಕು. ಊರೊಳಗೆ ಜೋತುಬಿದ್ದ 11 ಕಿಲೋವೋಲ್ಟ್ ತಂತಿ, ಅದಕ್ಕೆ ತಗುಲಿ ಸಾಯುವ ಆನೆ, ಮಳೆಯಲ್ಲಿ ಕಂಬವೇರುವ ಲೈನ್‌ಮನ್ ಇವಾವುವೂ ಆ ದುಬಾರಿ ರೋಬಾಟಿನ ಲೆಕ್ಕಕ್ಕೆ ಸೇರಿಲ್ಲ. ದೊಡ್ಡ ಮಾರ್ಗಕ್ಕೆ ಯಂತ್ರ ಬಂತೆಂದು ಲೈನ್‌ಮನ್ನರ ಹುದ್ದೆ ಕಡಿತಗೊಳಿಸಿದರೆ ಊರಿನ ತಂತಿ ಇನ್ನಷ್ಟು ಅನಾಥವಾಗುತ್ತದೆ.

ಇನ್ನೊಂದು ಬೇಡಿಕೆ. ಪರೀಕ್ಷೆಯ ವರದಿ ಕಚೇರಿಯ ಕಪಾಟಿನಲ್ಲಿ ಮಲಗಬಾರದು. ಯಾವ ಗೋಪುರ ಯಾವ ವರ್ಷದ್ದು, ಕೊನೆಯ ಬಾರಿ ಅದನ್ನು ಹತ್ತಿ ನೋಡಿದ್ದು ಯಾವಾಗ ಎಂಬ ಪಟ್ಟಿ ಪ್ರತಿ ಬೇಸಿಗೆಗೆ ಮುನ್ನ ಗ್ರಾಮಸಭೆಯ ಮುಂದೆ ಬರಲಿ. ಯಂತ್ರ ಬರುವ ತನಕ ಕಾಯಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಈ ಎರಡು ಪ್ರಶ್ನೆಗಳನ್ನು ನಮ್ಮ ವಿದ್ಯಾರ್ಥಿಗಳು ಈ ತಿಂಗಳೇ ಕೇಳಬಹುದು.