ಸಮುದ್ರದ ಒಡ್ಡಿನ ಮ್ಯಾಲೆ ಗಾಡಿ ಹಾಯಿಸಬ್ಯಾಡ್ರಿ

ಕ್ಲಾಸ್ ಗ್ರೂಪಿನ್ಯಾಗ ಗೋಕರ್ಣ, ಕಾರವಾರ ಟ್ರಿಪ್ಪಿನ ಮಾತು ಶುರು ಆಗೈತಿ. ಹೋಗ್ರಿ, ಮಜಾ ಮಾಡ್ರಿ. ಆದ್ರ ಹೋಗೋ ಮುಂಚೆ ಈ ಹೂವಿನ ಬಗ್ಗೆ ಓದ್ಕೊಂಡು ಹೋಗ್ರಿ.

ದಂಡಿಗೆ ಇಳಿಯೋವಾಗ, ಅಲೆ ಮುಟ್ಟದ ಉಸುಕಿನ ದಿಬ್ಬದ ಮ್ಯಾಲೆ ಹಸಿರು ಬಳ್ಳಿ ಹಬ್ಬಿರ್ತೈತಿ. ಅದ್ರಾಗ ಮೂರು-ಮೂರು ಎಲೆ ಇರೋ ಒಂದು ಬಳ್ಳಿ, ಗುಲಾಬಿ-ನೇರಳೆ ಬಣ್ಣದ ಹೂವು ಕಂಡ್ರ ನಿಲ್ರಿ. ಅದು ಕನವಾಲಿಯಾ ರೋಸಿಯಾ. ಕಡಲ ದಂಡಿಯ ಕಾಡು ಅವರಿ ಅನ್ನಬಹುದು. ‘ಕನವಾಲಿಯಾ’ ಅನ್ನೋದು ಲ್ಯಾಟಿನ್ ಪದ ಅಲ್ಲ, ಮಲಬಾರಿನ ಮಂದಿ ಕರೀತಿದ್ದ ಹೆಸರಿನಿಂದ ಬಂದದ್ದು.

ಹತ್ತಿರದಿಂದ ನೋಡ್ರಿ. ಅವರಿ ಹೂವಿನ ದೊಡ್ಡ ಎಸಳು ಮ್ಯಾಲೆ ಇರ್ತೈತಿ, ಇದರದ್ದು ಕೆಳಗ. ಹೂವೇ ತಲೆಕೆಳಗು! ದಪ್ಪನ ಕರೇ ದುಂಬಿ ಬಂದು ಕೂಡ್ರಾಕ ಆ ಎಸಳೇ ಕಟ್ಟಿ. ಬೀಜ ಉಪ್ಪುನೀರಿನ್ಯಾಗ ತೇಲಿಕೊಂಡು ಹೋಗಿ ಬ್ಯಾರೆ ದಂಡಿ ಸೇರಿ ಮೊಳಕೆ ಒಡೀತೈತಿ. ಹಂಗಾಗಿ ಇದೇ ಬಳ್ಳಿ ಆಫ್ರಿಕಾ, ಬ್ರೆಜಿಲ್‌ನ ದಂಡಿಯೊಳಗೂ ಐತಿ.

ನಮ್ಮ ಹುಲಕೋಟಿಗೆ ಇದರ ಸಂಬಂಧ ಏನು ಅಂತೀರಾ? ಮುಂಗಾರಿನ ಹೆಸರು, ಹಿಂಗಾರಿನ ಕಡಲಿ, ತೊಗರಿ, ಶೇಂಗಾ ಎಲ್ಲಾ ಇದೇ ಕುಟುಂಬ. ಅವು ಬೇರಿನ ಗಂಟಿನ್ಯಾಗ ಗಾಳಿಯ ಸಾರಜನಕ ಹಿಡಿದು ನಮ್ಮ ಎರಿ ಹೊಲಕ್ಕ ಕೊಡ್ತಾವು. ಈ ಬಳ್ಳಿ ಅದೇ ಕೆಲಸ ಬರೀ ಉಸುಕಿನ್ಯಾಗ ಮಾಡ್ತೈತಿ. ಜೊತಿಗೆ ಗಾಳಿಗೆ ಹಾರೋ ಉಸುಕು ತಡೆದು ದಿಬ್ಬ ಕಟ್ತೈತಿ. ಅಂದ್ರ ಆ ದಿಬ್ಬ ಸಮುದ್ರದ ಒಡ್ಡು, ಈ ಬಳ್ಳಿ ಅದರ ಮ್ಯಾಲಿನ ಕರಕಿ.

ನಿಮ್ಮ ಹೊಲದ ಒಡ್ಡಿನ ಮ್ಯಾಲೆ ಯಾರಾದ್ರೂ ಗಾಡಿ ಹಾಯಿಸಿ, ಕರಕಿ ಕಿತ್ತು, ಬೆಂಕಿ ಹಚ್ಚಿದ್ರ ನಿಮ್ಮ ಅಪ್ಪ ಸುಮ್ಮನ ಇರ್ತಾರೇನು? ಮುಂದಿನ ಮಳಿಗೆ ಒಡ್ಡು ಒಡೆದು ಮಣ್ಣೆಲ್ಲ ಹಳ್ಳ ಸೇರ್ತೈತಿ ಅಂತ ಅವ್ರಿಗೆ ಗೊತ್ತು. ಅಲ್ಲಿ ಮೀನುಗಾರರ ಮನಿ, ದೋಣಿ, ತೆಂಗಿನ ತೋಟ ಆ ದಿಬ್ಬದ ಹಿಂದ ಅದಾವು. ಉತ್ತರ ಕನ್ನಡದ ದಂಡಿಯೊಳಗ ಕಡಲಾಮೆ ತತ್ತಿ ಇಡೋದೂ ಉಸುಕಿನ್ಯಾಗ.

“ನಾವು ವರ್ಷಕ್ಕೊಮ್ಮೆ ಹೋಗೋರು, ನಮ್ಮಿಂದ ಏನಾಗ್ತೈತಿ?” ಅನ್ನೋರು ರವಿವಾರ ಅಲ್ಲಿ ನಿಂತ ಗಾಡಿಗಳ ನಂಬರ್ ನೋಡ್ರಿ: ಕೆಎ 25, ಕೆಎ 26, ಕೆಎ 63. ಎಲ್ಲಾರೂ ವರ್ಷಕ್ಕೊಮ್ಮೆ ಬಂದೋರೇ.

“ಕಲ್ಲಿನ ಗ್ವಾಡಿ ಕಟ್ಟಿದ್ರ ಆತು” ಅಂತೀರಾ? ದೊಡ್ಡ ತೂಫಾನನ್ನ ಬಳ್ಳಿ ತಡೆಯಲ್ಲ, ಖರೆ. ಆದ್ರ ಕೊಚ್ಚಿಹೋದ ಉಸುಕನ್ನ ಗ್ವಾಡಿ ಮತ್ತ ಕೂಡಿಸಲ್ಲ. ಬಳ್ಳಿ ಕೂಡಿಸ್ತೈತಿ, ಅದೂ ಪುಕ್ಕಟೆ. 2011 ಮತ್ತು 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು ಉಸುಕಿನ ದಿಬ್ಬಗಳನ್ನು ಅತಿ ಸೂಕ್ಷ್ಮ ಜಾಗಗಳ ಸಾಲಿನಲ್ಲಿ ಇಟ್ಟಿವೆ. ಆದ್ರ ಪ್ರತಿ ದಿಬ್ಬಕ್ಕ ಒಬ್ಬ ಪೊಲೀಸ್ ನಿಲ್ಲಾಕ ಆಗೂದಿಲ್ಲ. ಕಾಯಬೇಕಾದವರು ನಾವು.

ಅಷ್ಟಕ್ಕೂ ಕೇಳ್ತಿರೋದು ಭಾಳ ಇಲ್ಲ. ಗಾಡಿ ರಸ್ತೆ ಮ್ಯಾಲೇ ನಿಲ್ಲಿಸ್ರಿ. ಮಂದಿ ಓಡಾಡೋ ದಾರಿಯಿಂದಾನೇ ಇಳೀರಿ. ದಿಬ್ಬದ ಮ್ಯಾಲೆ ಬೆಂಕಿ ಹಾಕಬ್ಯಾಡ್ರಿ. ರೀಲ್ಸಿಗೆ ಅಂತ ಬಳ್ಳಿ ಎಳೀಬ್ಯಾಡ್ರಿ. ಕಾಯಿ ಅವರಿಯಂಗ ಕಂಡ್ರೂ ತಿನ್ನಬ್ಯಾಡ್ರಿ, ಹಸಿ ಬೀಜ ವಿಷ.

ಹೂವಿನ ಫೋಟೋ ತಗೊಂಡು ನನಗ ಟ್ಯಾಗ್ ಮಾಡ್ರಿ. ಹೂವು ಮಾತ್ರ ಬಳ್ಳಿಯಾಗೇ ಇರ್ಲಿ.

#ಹುಲಕೋಟಿ #ಕಡಲದಂಡಿ #ಕಾಡುಅವರಿ