ಹಲ್ಲುಚಕ್ರವೂ ಗಡಿಯಾರವೂ

ಓಟವೊಂದು ಮುಗಿದೊಡನೆ ಗೆದ್ದವನ ಸುತ್ತ ಜನ ನೆರೆಯುವುದು ಎಲ್ಲ ದೇಶಗಳಲ್ಲೂ ಕಾಣುವ ಸಂಗತಿ. ಅಮೆರಿಕದ ಜಾರ್ಜಿಯ ಹಾಗೂ ಕರೊಲೈನ ಸಂಸ್ಥಾನಗಳಲ್ಲಿ, ಕೆಂಪು ಜೇಡಿಮಣ್ಣಿನ ಪಥಗಳ ಮೇಲೆ ನಡೆಯುವ ಕಾರ್ಟ್ ಪಂದ್ಯಗಳಲ್ಲಿ, ಹಾಗೆ ನೆರೆದವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು ಇದು: “ಎಷ್ಟು ಹಲ್ಲು ಹಾಕಿದ್ದೆ?” ಪ್ರಶ್ನೆ ಸಹಜವಾದುದೇ. ಆದರೆ ದೊರೆತ ಉತ್ತರವನ್ನು ಹಾಗೆಯೇ ಒಯ್ದು ತನ್ನ ಗಾಡಿಗೆ ಜೋಡಿಸಿಕೊಳ್ಳುವವನು ವಿಜ್ಞಾನದ ದಾರಿಯನ್ನು ಬಿಟ್ಟು ಜ್ಯೋತಿಷ್ಯದ ದಾರಿಯನ್ನು ಹಿಡಿದಂತೆಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಅದೇಕೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಮೊದಲು ಕಾರ್ಟ್ ಎಂದರೇನೆಂಬುದನ್ನು ನೋಡೋಣ. 1956ರಲ್ಲಿ ಕ್ಯಾಲಿಫೋರ್ನಿಯದ ಆರ್ಟ್ ಇಂಗೆಲ್ಸ್ ಎಂಬ ಕುಶಲಿ, ಗೆಳೆಯ ಲೂ ಬೊರೆಲ್ಲಿಯ ನೆರವಿನಿಂದ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿದ್ದ ಸಣ್ಣ ಎಂಜಿನನ್ನು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಕೂರಿಸಿ, ನೆಲಕ್ಕೆ ತಾಗಿದಂತಿರುವ ಪುಟ್ಟ ವಾಹನವೊಂದನ್ನು ನಿರ್ಮಿಸಿದನು. ಅದೇ ಮೊದಲ ಕಾರ್ಟ್. ಇದಕ್ಕೆ ಸ್ಪ್ರಿಂಗುಗಳಿಲ್ಲ, ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಅಚ್ಚಿನ ಮೇಲೆ ಕೂಡಿಯೇ ತಿರುಗುತ್ತವೆ. ಮಣ್ಣಿನ ಪಥದ ಸಾಮಾನ್ಯ ಕಾರ್ಟಿಗೆ ಗೇರುಪೆಟ್ಟಿಗೆಯೂ ಇಲ್ಲ. ಎಂಜಿನಿನ ತುದಿಯಲ್ಲಿ ಒಂದು ಸಣ್ಣ ಹಲ್ಲುಚಕ್ರ, ಹಿಂದಿನ ಅಚ್ಚಿನ ಮೇಲೆ ಒಂದು ದೊಡ್ಡ ಹಲ್ಲುಚಕ್ರ, ಇವೆರಡನ್ನೂ ಕೂಡಿಸುವ ಒಂದು ಸರಪಣಿ, ಇಷ್ಟೇ. ಓಟದ ನಡುವೆ ಬದಲಿಸಲು ಅವಕಾಶವೇ ಇಲ್ಲವಾದ್ದರಿಂದ, ತಿರುವಿಗೂ ನೇರ ದಾರಿಗೂ, ಆರಂಭಕ್ಕೂ ಅಂತ್ಯಕ್ಕೂ ಒಂದೇ ಅನುಪಾತ ಸಾಕಾಗಬೇಕು. ಆಯ್ಕೆ ಕಷ್ಟವಾಗುವುದು ಈ ಕಾರಣದಿಂದಲೇ.

ಅನುಪಾತದ ಲೆಕ್ಕ ಶಾಲಾ ಬಾಲಕನಿಗೂ ಎಟಕುವಂಥದು. ಹಿಂದಿನ ಚಕ್ರದ ಹಲ್ಲುಗಳನ್ನು ಮುಂದಿನ ಚಕ್ರದ ಹಲ್ಲುಗಳಿಂದ ಭಾಗಿಸಿದರೆ ಸಾಕು. ನಮ್ಮ ಸೈಕಲಿನಲ್ಲಿ ಪೆಡಲಿನ ಬಳಿ ದೊಡ್ಡ ಹಲ್ಲುಚಕ್ರವಿದ್ದು ಹಿಂದೆ ಸಣ್ಣದಿರುತ್ತದೆ. ಕಾರ್ಟಿನಲ್ಲಿ ಇದಕ್ಕೆ ವಿಪರ್ಯಯ. ಮನುಷ್ಯನ ಕಾಲು ಬಲವುಳ್ಳದ್ದು, ಆದರೆ ನಿಧಾನ. ಸಣ್ಣ ಎಂಜಿನು ಅತಿ ಚುರುಕು, ಆದರೆ ಅದರ ತಿರುಗಿಸುವ ಬಲ ಅಲ್ಪ. ಆದ್ದರಿಂದ ಸೈಕಲಿನಲ್ಲಿ ಬಲವನ್ನು ಕೊಟ್ಟು ವೇಗವನ್ನು ಪಡೆಯುತ್ತೇವೆ, ಕಾರ್ಟಿನಲ್ಲಿ ಸುತ್ತುಗಳನ್ನು ಕೊಟ್ಟು ಬಲವನ್ನು ಪಡೆಯುತ್ತೇವೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮುಂದೆ 18 ಹಲ್ಲು, ಹಿಂದೆ 60 ಹಲ್ಲು ಇರಲಿ, ಅನುಪಾತ 3.33. ಹಿಂದಿನ ಟೈರುಗಳ ಸರಾಸರಿ ಪರಿಧಿ 85 ಸೆಂಟಿಮೀಟರ್ ಇರಲಿ. ಎಂಜಿನು ನಿಮಿಷಕ್ಕೆ 6000 ಸುತ್ತು ಸುತ್ತುವಾಗ ಅಚ್ಚು 1800 ಸುತ್ತು ಸುತ್ತುತ್ತದೆ. ಗಾಡಿ ನಿಮಿಷಕ್ಕೆ 1530 ಮೀಟರ್, ಎಂದರೆ ಗಂಟೆಗೆ ಸುಮಾರು 92 ಕಿಲೊಮೀಟರ್ ಓಡುತ್ತದೆ. ಇದೇ ಗಾಡಿ ತಿರುವಿನಲ್ಲಿ ಗಂಟೆಗೆ 65 ಕಿಲೊಮೀಟರಿಗೆ ಇಳಿದರೆ ಎಂಜಿನು ಸುಮಾರು 4250 ಸುತ್ತಿಗೆ ಇಳಿಯುತ್ತದೆ. ಅಂತೂ ಪ್ರತಿಯೊಂದು ಪ್ರದಕ್ಷಿಣೆಯಲ್ಲೂ ಎಂಜಿನು ಕೆಲಸ ಮಾಡಬೇಕಾದ ವ್ಯಾಪ್ತಿ 4250ರಿಂದ 6000ದವರೆಗೆ ಎಂದಾಯಿತು.

ಇಲ್ಲಿ ಒಂದು ತಪ್ಪು ಭಾವನೆಯನ್ನು ಹೋಗಲಾಡಿಸಬೇಕಾಗಿದೆ. ಹಲ್ಲು ಹೆಚ್ಚಿಸಿದರೆ ಎಂಜಿನಿನ ಸಾಮರ್ಥ್ಯವೇ ಹೆಚ್ಚುತ್ತದೆಂದು ಹಲವರು ನಂಬಿರುವರು. ಹಲ್ಲುಚಕ್ರ ಯಾವ ಸಾಮರ್ಥ್ಯವನ್ನೂ ಸೃಷ್ಟಿಸಲಾರದು. ಗಾಡಿ ಒಂದು ನಿರ್ದಿಷ್ಟ ವೇಗದಲ್ಲಿರುವಾಗ ಎಂಜಿನು ಯಾವ ಸುತ್ತಿನಲ್ಲಿರಬೇಕೆಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ. ಎಂಜಿನಿನ ಸಾಮರ್ಥ್ಯವಾದರೋ ಒಂದು ಗುಡ್ಡದಂತೆ: ಸುತ್ತು ಏರಿದಂತೆ ಏರುತ್ತದೆ, ಶಿಖರವನ್ನು ಮುಟ್ಟುತ್ತದೆ, ಅನಂತರ ಇಳಿಯುತ್ತದೆ. ಹಲ್ಲು ಕಡಮೆಯಾದರೆ ನಾವು ಬಹುಕಾಲ ಗುಡ್ಡದ ಈಚೆಯ ಇಳಿಜಾರಿನಲ್ಲಿಯೇ ಉಳಿಯುತ್ತೇವೆ. ಹೆಚ್ಚಾದರೆ ಶಿಖರವನ್ನು ದಾಟಿ ಆಚೆಯ ಇಳಿಜಾರಿಗೆ ಬೀಳುತ್ತೇವೆ. ತಿರುವಿನ ವೇಗವೂ ನೇರ ದಾರಿಯ ತುದಿಯ ವೇಗವೂ ಶಿಖರದ ಎರಡು ಪಕ್ಕಗಳಲ್ಲಿ ಹಿತವಾಗಿ ಹಂಚಿಕೆಯಾಗುವಂತೆ ಮಾಡುವುದೇ ಅನುಪಾತದ ಆಯ್ಕೆ.

ಈ ಹಂಚಿಕೆಗೆ ಎರಡು ಬೇಲಿಗಳುಂಟು. ಮೇಲಿನ ಬೇಲಿ ಎಂಜಿನಿನ ಗರಿಷ್ಠ ಸುತ್ತು. ಅಮೆರಿಕದ ಅನೇಕ ಪಂದ್ಯಗಳಲ್ಲಿ ಬಳಕೆಯಲ್ಲಿರುವ ಬ್ರಿಗ್ಸ್ ಕಂಪೆನಿಯ ‘ಎಲ್‌ಒ 206’ ಎಂಬ ಎಂಜಿನು ನಿಮಿಷಕ್ಕೆ 6100 ಸುತ್ತುಗಳನ್ನು ಮೀರದಂತೆ ಕಾರ್ಖಾನೆಯಲ್ಲೇ ನಿರ್ಬಂಧಿತವಾಗಿದೆ. ನಮ್ಮ ಉದಾಹರಣೆಯ ಗಾಡಿಗೆ ಹಿಂದೆ 63 ಹಲ್ಲಿನ ಚಕ್ರವನ್ನು ತೊಡಿಸಿದರೆ ಅನುಪಾತ 3.5 ಆಗಿ, ಗಂಟೆಗೆ 89 ಕಿಲೊಮೀಟರ್ ಮುಟ್ಟುವಷ್ಟರಲ್ಲೇ ಆ ಮಿತಿ ಬಂದುಬಿಡುತ್ತದೆ. ನೇರ ದಾರಿ ಇನ್ನೂ ಉಳಿದಿರುವಾಗಲೇ ಗಾಡಿ ಮುಂದಕ್ಕೆ ಚಿಮ್ಮಲಾರದೆ ಏದುಸಿರು ಬಿಡುತ್ತದೆ. ನಿರ್ಬಂಧವಿಲ್ಲದ ಎಂಜಿನುಗಳಲ್ಲಿ ಅಪಾಯ ಇನ್ನೂ ಹೆಚ್ಚು. ತಿರುಗುವ ಭಾಗಗಳ ಮೇಲಿನ ಒತ್ತಡ ಸುತ್ತಿನ ವರ್ಗಕ್ಕನುಗುಣವಾಗಿ ಏರುವುದರಿಂದ, ಸುತ್ತು ನೂರಕ್ಕೆ ಹತ್ತು ಹೆಚ್ಚಿದರೆ ಒತ್ತಡ ನೂರಕ್ಕೆ ಇಪ್ಪತ್ತೊಂದು ಹೆಚ್ಚುತ್ತದೆ. ಅಗ್ಗದ ಎಂಜಿನಿನ ವೇಗನಿಯಂತ್ರಕವನ್ನು ಕಿತ್ತುಹಾಕಿ ಅತಿಯಾಗಿ ಓಡಿಸಿದರೆ ಎರಕದ ಫ್ಲೈವೀಲು ಸಿಡಿದು ಚೂರಾಗುವ ಸಂಭವವಿದೆ. ಇಲ್ಲಿ ತಪ್ಪು ಲೆಕ್ಕದ ಬೆಲೆ ಬರಿಯ ಸೋಲಲ್ಲ. ಅದು ಮೈಗೆ ಬೀಳುವ ಪೆಟ್ಟೂ ಆಗಬಹುದು.

ಕೆಳಗಿನ ಬೇಲಿ ಕ್ಲಚ್ಚಿನದು. ಕಾರ್ಟಿನ ಕೇಂದ್ರಾಪಗಾಮಿ ಕ್ಲಚ್ಚು ಎಂಜಿನಿನ ಸುತ್ತು ಒಂದು ಮಟ್ಟಕ್ಕೇರಿದಾಗ ಮಾತ್ರ ಬಿಗಿಯಾಗಿ ಹಿಡಿಯುತ್ತದೆ. ಹಲ್ಲು ತೀರ ಕಡಮೆಯಾಗಿ, ತಿರುವಿನಲ್ಲಿ ಸುತ್ತು ಆ ಮಟ್ಟಕ್ಕಿಂತ ಕೆಳಗಿಳಿದರೆ, ಕ್ಲಚ್ಚು ಜಾರಿ ಕಾಯುತ್ತದೆ. ಎಂಜಿನಿನ ದುಡಿಮೆ ಚಲನೆಯಾಗುವ ಬದಲು ಶಾಖವಾಗಿ ವ್ಯರ್ಥವಾಗುತ್ತದೆ.

ಈ ಎರಡು ಬೇಲಿಗಳ ನಡುವೆ ಉಳಿಯುವ ಬಯಲು ಸಾಕಷ್ಟು ಅಗಲವಾದುದು. ಅದರೊಳಗೆ ಸರಿಯಾದ ಜಾಗ ಯಾವುದು? ನೇರ ದಾರಿಯಲ್ಲಿ ಅತ್ಯಧಿಕ ವೇಗ ಕೊಡುವುದೇ ಸರಿಯೆಂದು ಕೆಲವರು, ತಿರುವಿನಿಂದ ಬಿಲ್ಲಿನ ಬಾಣದಂತೆ ಹೊರಡಿಸುವುದೇ ಸರಿಯೆಂದು ಕೆಲವರು ವಾದಿಸುವುದುಂಟು. ಎರಡೂ ಅರ್ಧಸತ್ಯಗಳು. ಪಂದ್ಯ ಗೆಲ್ಲುವುದು ಇಡೀ ಪ್ರದಕ್ಷಿಣೆಯ ಕಾಲದಿಂದ. ಮೈಲಿಯ ಐದನೆಯ ಒಂದು ಭಾಗದ, ಎಂದರೆ ಸುಮಾರು 322 ಮೀಟರಿನ ಪಥವನ್ನು 15 ಸೆಕೆಂಡುಗಳಲ್ಲಿ ಸುತ್ತುವ ಗಾಡಿಯ ಸರಾಸರಿ ವೇಗ ಗಂಟೆಗೆ 77 ಕಿಲೊಮೀಟರ್. ಪ್ರತಿ ಪ್ರದಕ್ಷಿಣೆಗೆ ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿದರೂ 20 ಪ್ರದಕ್ಷಿಣೆಗಳಲ್ಲಿ 2 ಸೆಕೆಂಡು ಉಳಿಯಿತು. ನೆಲದ ಮೇಲೆ ಅದು 40 ಮೀಟರುಗಳಿಗೂ ಮಿಕ್ಕ ಅಂತರ. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಕಿವಿ ಗುರುತಿಸಲಾರದು, ಬೆನ್ನು ಗುರುತಿಸಲಾರದು. ಸ್ಟಾಪ್‌ವಾಚು ಮಾತ್ರ ಗುರುತಿಸಬಲ್ಲುದು.

ಸುತ್ತುಮಾಪಕವನ್ನು ನೋಡಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಸಾಲದು. ಮಣ್ಣಿನ ಮೇಲೆ ಟೈರು ಜಾರುತ್ತದೆ. ಮಾಪಕ 6000 ಎಂದು ತೋರಿಸುತ್ತಿದ್ದರೂ ಗಾಡಿ ನಿಜವಾಗಿ ಓಡುತ್ತಿರುವುದು ಗಂಟೆಗೆ 87 ಕಿಲೊಮೀಟರ್ ಮಾತ್ರ ಆಗಿರಬಹುದು. ಉಳಿದ 5 ಕಿಲೊಮೀಟರ್ ಜಾರಿಕೆಗೆ ಬಲಿಯಾಗಿರುತ್ತದೆ. ಉಪಗ್ರಹ ಸಂಕೇತಗಳ ನೆರವಿನಿಂದ ನಿಜವಾದ ವೇಗವನ್ನಳೆಯುವ ಪುಟ್ಟ ಉಪಕರಣಗಳು ಇಂದು ದೊರೆಯುತ್ತವೆ. ಲೆಕ್ಕದ ವೇಗವನ್ನೂ ಅಳೆದ ವೇಗವನ್ನೂ ಪಕ್ಕಪಕ್ಕದಲ್ಲಿರಿಸಿದರೆ ಜಾರಿಕೆ ಎಷ್ಟೆಂಬುದು ತಾನಾಗಿ ತಿಳಿಯುತ್ತದೆ.

ಮಣ್ಣಿನ ಪಥದ ಮತ್ತೊಂದು ವಿಶೇಷವೆಂದರೆ ಅದು ಒಂದೇ ಸಂಜೆಯಲ್ಲಿ ಹಲವು ಪಥಗಳಾಗುವುದು. ಆರಂಭದಲ್ಲಿ ನೀರು ಚಿಮುಕಿಸಿದ ಜೇಡಿಮಣ್ಣು ಅಂಟಂಟಾಗಿದ್ದು ಟೈರನ್ನು ಗಟ್ಟಿಯಾಗಿ ಹಿಡಿಯುತ್ತದೆ. ಗಾಡಿಗಳು ಓಡಿದಂತೆ, ಗಾಳಿ ಬೀಸಿದಂತೆ, ತೇವ ಆರಿ ಮೇಲ್ಮೈ ಒಣಗಿ ನುಣುಪಾಗುತ್ತದೆ. ತಿರುವಿನ ವೇಗ ತಗ್ಗುತ್ತದೆ. ಆಗ ಏನು ಮಾಡಬೇಕು? ವೇಗ ತಗ್ಗಿದ್ದರಿಂದ ಎಂಜಿನಿನ ಸುತ್ತೂ ತಗ್ಗಿದೆ, ಆದ್ದರಿಂದ ಹಲ್ಲು ಹೆಚ್ಚಿಸಬೇಕೆಂಬುದು ಒಂದು ತರ್ಕ. ಟೈರು ಈಗಾಗಲೇ ಜಾರುತ್ತಿದೆ, ಬಲ ಹೆಚ್ಚಿದರೆ ಇನ್ನಷ್ಟು ಜಾರುತ್ತದೆ, ಆದ್ದರಿಂದ ಹಲ್ಲು ಕಡಮೆ ಮಾಡಬೇಕೆಂಬುದು ಇನ್ನೊಂದು. ಎರಡರಲ್ಲೂ ದೋಷವಿಲ್ಲ. ಆ ದಿನ, ಆ ಗಾಡಿಯಲ್ಲಿ, ಯಾವ ಪರಿಣಾಮ ಮೇಲುಗೈ ಪಡೆಯುತ್ತದೆಂಬುದನ್ನು ಕುಳಿತಲ್ಲೇ ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಈಗ ಗೆದ್ದವನ ಉತ್ತರಕ್ಕೆ ಹಿಂದಿರುಗೋಣ. “ಅರುವತ್ತು ಹಲ್ಲು” ಎಂದು ಅವನು ಸತ್ಯವನ್ನೇ ನುಡಿದನೆನ್ನೋಣ. ಮುಂದಿನ ಚಕ್ರದ್ದು ಎಷ್ಟು? ಅಲ್ಲಿ 18ರ ಬದಲು 17 ಇದ್ದರೆ ಅನುಪಾತ 3.53 ಆಗುತ್ತದೆ, ಮುಂದಿನ ಒಂದು ಹಲ್ಲಿನ ವ್ಯತ್ಯಾಸ ಹಿಂದಿನ ಮೂರೂವರೆ ಹಲ್ಲುಗಳಿಗೆ ಸಮ. ಅವನ ಟೈರಿನ ಪರಿಧಿ ಎಷ್ಟು? ಪರಿಧಿಯಲ್ಲಿ ಒಂದು ಅಂಗುಲದ ವ್ಯತ್ಯಾಸವಿದ್ದರೆ ಅದೂ ಹಿಂದಿನ ಹೆಚ್ಚುಕಡಮೆ ಎರಡು ಹಲ್ಲುಗಳಿಗೆ ಸಮನಾಗುತ್ತದೆ. ಅವನ ತೂಕವೆಷ್ಟು, ಪಥದ ತೇವವೆಷ್ಟಿತ್ತು, ತಿರುವಿನಲ್ಲಿ ಅವನು ವೇಗವನ್ನು ಎಷ್ಟು ಉಳಿಸಿಕೊಳ್ಳಬಲ್ಲ? ಇವೆಲ್ಲವನ್ನೂ ಕಳಚಿ ಉಳಿದ ಬರಿಯ ಸಂಖ್ಯೆ ಜ್ಞಾನವಲ್ಲ. ವಿಳಾಸ ಹರಿದುಹೋದ ಕಾಗದದಂತೆ ಅದು ಎಲ್ಲಿಗೂ ತಲಪದು.

ಹಾಗಾದರೆ ಮಾಡಬೇಕಾದುದೇನು? ಲೆಕ್ಕದಿಂದ ಎರಡು ಬೇಲಿಗಳನ್ನು ಗುರುತಿಸಿಕೊಂಡು, ನಡುವಣ ಮೂರು ಚಕ್ರಗಳನ್ನು, 58, 60, 62 ಹಲ್ಲಿನವನ್ನು, ಆರಿಸಿಕೊಳ್ಳಬೇಕು. ಮುಂದಿನ ಚಕ್ರವನ್ನಾಗಲಿ, ಟೈರಿನ ಗಾಳಿಯನ್ನಾಗಲಿ, ಓಡಿಸುವವನನ್ನಾಗಲಿ ಬದಲಿಸಕೂಡದು. ಒಂದೊಂದರಲ್ಲಿಯೂ ಹತ್ತು ಪ್ರದಕ್ಷಿಣೆ ಓಡಿಸಿ, ಕಾಲಗಳನ್ನು ಏರಿಕೆಯ ಕ್ರಮದಲ್ಲಿ ಬರೆದು, ನಡುವಿನದನ್ನು ತೆಗೆದುಕೊಳ್ಳಬೇಕು. ಅಕಸ್ಮಾತ್ತಾಗಿ ಚೆನ್ನಾಗಿ ಬಂದ ಒಂದು ಪ್ರದಕ್ಷಿಣೆಯನ್ನು ನಂಬಬಾರದು. ಬಹುಮಂದಿ ಮರೆಯುವ ಮುಖ್ಯ ಹೆಜ್ಜೆ ಕೊನೆಯದು: ಮೂರೂ ಮುಗಿದ ಮೇಲೆ ಮೊದಲನೆಯ ಚಕ್ರವನ್ನು ಮತ್ತೆ ತೊಡಿಸಿ ಮತ್ತೆ ಹತ್ತು ಪ್ರದಕ್ಷಿಣೆ ಓಡಿಸಬೇಕು. ಮೊದಲಿನ ಕಾಲವೇ ಬಂದರೆ ಪಥ ಬದಲಾಗಿಲ್ಲ, ಹೋಲಿಕೆಯನ್ನು ನಂಬಬಹುದು. ಬಾರದಿದ್ದರೆ, ನಾವು ಅಳೆದದ್ದು ಹಲ್ಲುಚಕ್ರದ ಗುಣವನ್ನೋ ಮಣ್ಣು ಒಣಗಿದ ಪ್ರಮಾಣವನ್ನೋ ಎಂಬ ಸಂದೇಹ ಉಳಿಯುತ್ತದೆ. ಈ ಸಂದೇಹವನ್ನು ತಾನೇ ಎತ್ತಿಕೊಳ್ಳಬಲ್ಲವನು ಅರ್ಧ ವಿಜ್ಞಾನಿಯೆಂದೇ ನಮ್ಮೆಣಿಕೆ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಪಂದ್ಯದ ದಿನ ಇಷ್ಟು ಓಡಿಸಲು ಸಮಯವೆಲ್ಲಿ, ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ತಥ್ಯವಿದೆ. ಹೊಸಬನು ಅನುಭವಿಯ ಸಂಖ್ಯೆಯಿಂದ ಆರಂಭಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆರಂಭದ ಊಹೆಯನ್ನು ಅಂತಿಮ ತೀರ್ಪೆಂದು ತಿಳಿಯಬಾರದು. ಎಳೆಯರಿಗೆ ಈ ತೊಡಕೇ ಬೇಡ, ಎಲ್ಲರಿಗೂ ಒಂದೇ ಅನುಪಾತ ವಿಧಿಸಿಬಿಡಿ ಎನ್ನುವವರೂ ಇದ್ದಾರೆ. ಖರ್ಚು ತಗ್ಗಿಸಲು ಅದು ಒಳ್ಳೆಯ ಉಪಾಯವೇ. ಆದರೆ ಆ ವಿಧಿಯಿಂದ ಬಾಲಕನು ಕಲಿಯಬಹುದಾದ ಅತ್ಯುತ್ತಮ ಪಾಠ ಕೈಬಿಟ್ಟುಹೋಗುತ್ತದೆ. ಎರಡು ಹಲ್ಲುಚಕ್ರಗಳಷ್ಟು ಸುಲಭವಾಗಿ, ಕೈಯಾರೆ ಬದಲಿಸಿ ಫಲವನ್ನು ಕಣ್ಣಾರೆ ಕಾಣಬಹುದಾದ ಪ್ರಯೋಗ ಬೇರೆಲ್ಲಿ ದೊರೆತೀತು?

ನಮ್ಮ ವಾಚಕರಲ್ಲಿ ಹೆಚ್ಚಿನವರು ಕಾರ್ಟನ್ನು ಓಡಿಸಿದವರಲ್ಲ. ಮುಂದೆ ಓಡಿಸುವರೋ ಇಲ್ಲವೋ ತಿಳಿಯದು. ಆದರೂ ಈ ವಿಷಯವನ್ನು ಅವರ ಮುಂದಿಡಲು ಕಾರಣವಿದೆ. ಪ್ರಯೋಗಶಾಲೆಯಲ್ಲಿ ಹಿಂದಿನ ವರ್ಷದವರ ದಾಖಲೆ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಳ್ಳುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವೇನೂ ಅಲ್ಲ. ಲೋಲಕದ ಕಾಲವನ್ನು ಅಳೆಯದೆ ಬರೆದರೂ ಲೋಲಕ ಮುನಿಸಿಕೊಳ್ಳದು, ಅಂಕಗಳೂ ಬಂದಾವು. ಮಣ್ಣಿನ ಪಥ ಅಷ್ಟು ದಯಾಳುವಲ್ಲ. ಎರವಲು ತಂದ ಸಂಖ್ಯೆಯನ್ನು ಅದು ಮೊದಲ ತಿರುವಿನಲ್ಲೇ ಬಯಲಿಗೆಳೆಯುತ್ತದೆ.

ಆದ್ದರಿಂದ ಪ್ರತಿಯೊಬ್ಬ ತರುಣ ಸ್ಪರ್ಧಿಯ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳ ಜೊತೆಗೆ ಒಂದು ನೋಟುಪುಸ್ತಕವೂ ಇರಬೇಕೆಂಬುದು ನಮ್ಮ ಸಲಹೆ. ಅದರಲ್ಲಿ ದಿನ, ಪಥ, ಮಣ್ಣಿನ ಸ್ಥಿತಿ, ಟೈರಿನ ಪರಿಧಿ, ಮುಂದಿನ ಮತ್ತು ಹಿಂದಿನ ಹಲ್ಲುಗಳು, ಕನಿಷ್ಠ ಮತ್ತು ಗರಿಷ್ಠ ಸುತ್ತು, ಪ್ರದಕ್ಷಿಣೆಯ ಕಾಲ, ಇಷ್ಟನ್ನು ತಪ್ಪದೆ ಬರೆಯಲಿ. ಒಂದು ಋತು ಕಳೆಯುವಷ್ಟರಲ್ಲಿ ಅವನ ಕೈಯಲ್ಲಿ ಒಂದು ಸಂಖ್ಯೆಯಲ್ಲ, ಸಂಖ್ಯೆಗಳನ್ನು ಕಂಡುಕೊಳ್ಳುವ ಬಗೆಯೇ ಇರುತ್ತದೆ. ಅನಂತರ “ಎಷ್ಟು ಹಲ್ಲು ಹಾಕಿದ್ದೆ?” ಎಂದು ಯಾರಾದರೂ ಕೇಳಿದರೆ ಅವನು ಸಂತೋಷದಿಂದ ಹೇಳಿಬಿಡಲಿ. ಬಚ್ಚಿಡಬೇಕಾದುದು ಅದರಲ್ಲೇನೂ ಇಲ್ಲ.